ರಸಿಕಾ ಆರಿಸಿದ ಮೇಜು

ಕುಪವಾಡದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬಿಡಿಸುವ ಸುಖದಾ, ರಜೆಯ ದಿನ ಬೇರೆಯದೇ ನಕ್ಷೆ ಬಿಡಿಸುತ್ತಿದ್ದಳು: ಕೋಟೆ, ಸುರಂಗ, ಹಾಳುಬಿದ್ದ ಬಂದರು. ಭಾನುವಾರ ಮಧ್ಯಾಹ್ನ ಮಿರಜಿನ ಅವಳ ಮನೆಯ ಊಟದ ಮೇಜಿನ ಮೇಲೆ ಆ ಹಾಳೆ ಹಾಸಿ ನಾಲ್ವರು ಆಡುತ್ತಿದ್ದರು. ಕಥೆ ನಡೆಸುವವಳು ಸುಖದಾ. ಉಳಿದ ಮೂವರು, ಅಂದರೆ ಭೂಷಣ, ಮಂದಾರ, ರಸಿಕಾ, ಕಳ್ಳ, ವೈದ್ಯ, ಸಿಪಾಯಿ ಹೀಗೆ ಒಂದೊಂದು ಪಾತ್ರವಾಗಿ ಮಾತಾಡಿ, ದಾಳ ಉರುಳಿಸಿ ಮುಂದೆ ಸಾಗಬೇಕು. ಏಳು ವರ್ಷ ಹಾಗೆ ನಡೆಯಿತು.

ಆಮೇಲೆ ಭೂಷಣ ಮಾಲಗಾಂವಿನಲ್ಲಿ ದ್ರಾಕ್ಷಿ ತೋಟ ನೋಡಿಕೊಳ್ಳತೊಡಗಿದ, ಮಂದಾರನಿಗೆ ಪಾಳಿ ಕೆಲಸ ಬಂತು, ರಸಿಕಾ ಮದುವೆಯಾಗಿ ಮಾಧವನಗರ ಸೇರಿದಳು. ಆಟ ಆನ್‌ಲೈನ್ ಆಗಲಿ ಎಂದರು. ನಕ್ಷೆ, ಪಾತ್ರಗಳ ಗೊಂಬೆ, ದಾಳ ಎಲ್ಲವೂ ಸ್ಕ್ರೀನಿನ ಮೇಲೇ ಸಿಗುವ, ಊಟದ ಮೇಜಿನ ಬದಲಿಗೆ ಇನ್ನೊಂದು ಮೇಜಿನಂಥ ಸಾಫ್ಟ್‌ವೇರ್ ಬೇಕಾಯಿತು. ಸುಖದಾ ಸಾದಾ ಒಂದನ್ನು ಆರಿಸಿದಳು. ತನ್ನ ಹಾಳೆಯ ಫೋಟೋ ಹಾಕಿದರೆ ಸಾಕು, ಎಂಥ ಫೋನಿನಲ್ಲೂ ತೆರೆಯುತ್ತಿತ್ತು. ಅದೇ ವಾರ ರಸಿಕಾ ಇನ್ನೊಂದನ್ನು ತೋರಿಸಿದಳು. ಅದರಲ್ಲಿ ದೀಪ ಹಿಡಿದ ಪಾತ್ರದ ಸುತ್ತ ಮಾತ್ರ ಬೆಳಕು. ಬಾಗಿಲು ತೆಗೆದರೆ ಕಿರ್ರೆನ್ನುವ ಸದ್ದು.

"ಏಕ್ ನಂಬರ್ ಅದ," ಎಂದ ಮಂದಾರ. "ಅಕ್ಕಾ, ಇನ್ನ ನೀವು ನಕ್ಷಾ ಬಿಡಿಸೂದ ಬ್ಯಾಡ್ರಿ. ಇದರಾಗ ತಯಾರ ಸಿಗತಾವು."

ಸುಖದಾಳಿಗೆ ಆ ಮಾತು ಚುಚ್ಚಿತು. ಏಳು ವರ್ಷದಲ್ಲಿ ತನ್ನ ಒಂದು ನಕ್ಷೆಯನ್ನೂ ಅವನು ಹಾಗೆ ಹೊಗಳಿರಲಿಲ್ಲ. ರಸಿಕಾಳಿಗೆ ಆಟ ಕಲಿಸಿದವಳೇ ತಾನು. ಈಗ ಮೊದಲ ಆಟ ರಸಿಕಾಳೇ ನಡೆಸಲಿ ಎಂದು ಎಲ್ಲರೂ ಒಪ್ಪಿದಾಗ ಸುಖದಾಳೂ ನಕ್ಕು ತಲೆಯಾಡಿಸಿದಳು.

ಶುಕ್ರವಾರ ಭೂಷಣ ಅವಳಿಗೆ ಫೋನ್ ಮಾಡಿದ. "ಅಕ್ಕಾ, ನನ್ನ ಹಳೇ ಫೋನಿನಾಗ ಅದು ತೆರೆಯೂದಿಲ್ರಿ, ಬರೇ ಕರ್ರಗ ಕಾಣತೈತಿ. ರಸಿಕಾ ಅಷ್ಟು ಹುರುಪಿಂದ ಮಾಡ್ಯಾಳ, ನನಗ ಹೇಳಾಕ ಸಂಕೋಚ. ನೀವ ಹೇಳ್ರಿ."

ಹೇಳತೇನಿ ಎಂದಳು. ಹೇಳಲಿಲ್ಲ.

ಭಾನುವಾರ ಭೂಷಣನಿಗೆ ಒಳಗೆ ಬರಲು ಆಗಲೇ ಇಲ್ಲ. ಅರ್ಧ ಗಂಟೆ ಒದ್ದಾಡಿ ಆಟ ನಿಲ್ಲಿಸಿದರು. "ತಪ್ಪು ನಂದ," ಎಂದಳು ರಸಿಕಾ. "ಮೊದಲ ಎಲ್ಲಾರನ್ನೂ ಕೇಳಬೇಕಿತ್ತು." ಸುಖದಾ ಎರಡು ದಿನ ಕಾದಿದ್ದು ಇದಕ್ಕೇ. ಆದರೂ ಆ ದಿನ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಕೆಲಸ ಮುಗಿಸಿ ಅವಳು ಮಾಧವನಗರದ ಶೇರ್ ರಿಕ್ಷಾ ಹತ್ತಿದಳು. ರಸಿಕಾಳ ಮನೆಯ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು.

"ಅಂದ್ರ ನಿಮಗ ಮೊದಲ ಗೊತ್ತಿತ್ತು?"

"ಗೊತ್ತಿತ್ತು. ನಿನ್ನ ಆಟ ಕೆಡಲಿ ಅಂತ ಸುಮ್ಮನಿದ್ದೆ. ಹೊಟ್ಟಿಕಿಚ್ಚಾಗಿತ್ತು ನನಗ."

ಕುಂದ್ರಿ ಎಂದು ಕೂಡ ರಸಿಕಾ ಅನ್ನಲಿಲ್ಲ. "ಭಾಳ ಸಿಟ್ಟ ಬಂದೈತ್ರಿ, ಅಕ್ಕಾ. ಈಗ ಹೋಗ್ರಿ."

ಬುಧವಾರ ಎಲ್ಲರಿಗೂ ರಸಿಕಾಳ ಸಂದೇಶ ಬಂತು: ಸಾದಾದ್ದೇ ಇರಲಿ, ಭೂಷಣನನ್ನು ಬಿಟ್ಟು ಆಡುವುದಿಲ್ಲ. ಸುಖದಾ ಬೇಕೆಂದೇ ಸುಮ್ಮನಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ; ಅಕ್ಕ ಮರೆತಿದ್ದಳೆಂದೇ ಭೂಷಣ ತಿಳಿದಿದ್ದ. ಕಥೆ ಮಾತ್ರ ರಸಿಕಾಳೇ ನಡೆಸಬೇಕೆಂದು ಭೂಷಣ, ಮಂದಾರ ಇಬ್ಬರೂ ಹಟ ಹಿಡಿದರು.

ಆ ಭಾನುವಾರ ಸುಖದಾ ಮೊದಲ ಸಲ ಇನ್ನೊಬ್ಬರ ಕಥೆಯಲ್ಲಿ ಪಾತ್ರವಾದಳು, ದೋಣಿ ನಡೆಸುವ ಮುದುಕಿ. ಬೆಳಕಿಲ್ಲ, ಸದ್ದಿಲ್ಲ; ರಸಿಕಾ ಬರೀ ಮಾತಿನಲ್ಲೇ ಕತ್ತಲ ಕೋಣೆಯನ್ನು ಕಟ್ಟಿದಳು. "ಮುಂದ?" ಎಂದು ಭೂಷಣ ಪಿಸುಗುಟ್ಟಿದ್ದು ಫೋನಿನಲ್ಲಿ ಕೇಳಿಸಿತು. ತನ್ನ ಕಥೆಗೆ ಯಾರೂ ಹಾಗೆ ಕಿವಿಗೊಟ್ಟಿರಲಿಲ್ಲ ಎಂದು ಸುಖದಾಳಿಗೆ ಹೊಳೆಯಿತು, ಮತ್ತೆ ಅದೇ ಹೊಟ್ಟೆಕಿಚ್ಚು ಎದ್ದಿತು.

'ಚಲೋ ನಡೆಸಿದಿ' ಎಂಬ ಎರಡು ಶಬ್ದ ರಸಿಕಾಳಿಗೆ ಬರೆದು ಕಳಿಸಲು ಅವಳಿಗೆ ಸಂಜೆಯಾಯಿತು.