ಸೋಪಕ್ಕ ಮತ್ತು ನೀಲಿ ಬೆಳಕಿನ ಪೆಟ್ಟಿಗೆ

ಮಂಗಳವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸೋಪಕ್ಕ ಉಚಿತ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ತಂತಿಯ ಎರಡು ತುದಿಗಳನ್ನು ಬೆರಳಿಗೆ ಸುತ್ತಿಕೊಂಡು ಬಾರ್ ಸೋಪನ್ನು ತುಂಡು ಮಾಡುತ್ತಿದ್ದಳು. ಒಂದು ಬಾರ್ ಸೋಪಿಗೆ ಹದಿನಾರು ತುಂಡು. ಚಾಕುವಾದರೆ ಪುಡಿ ಉದುರುತ್ತದೆಂದು ತಂತಿಯ ಉಪಾಯ ಕಂಡುಕೊಂಡವಳು ಅವಳೇ. ಅವಳ ನಿಜವಾದ ಹೆಸರು ಯಾರ ನೆನಪಿನಲ್ಲೂ ಇರಲಿಲ್ಲ. ಗಂಡ ಕೂಡ ಒಮ್ಮೆ ಬಾಯಿ ತಪ್ಪಿ, "ಸೋಪಕ್ಕಾ, ಒಂದು ಲೋಟ ನೀರು" ಎಂದು ಕೂಗಿ, "ನಿಮಗೂ ನಾನು ಅಕ್ಕನೇನ್ರೀ?" ಎಂದು ಬೈಸಿಕೊಂಡಿದ್ದ.

ಹತ್ತೊಂಬತ್ತು ವರ್ಷಗಳಿಂದ ಅವಳು ಅಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದಳು. ಮಧ್ಯಾಹ್ನದವರೆಗೆ ಕ್ಲಿನಿಕ್, ಆಮೇಲೆ ಮನೆಯಲ್ಲಿ ಹೊಲಿಗೆ ಯಂತ್ರ. ಕ್ಲಿನಿಕ್ಕಿನ ಹಿಂದಿನ ಓಣಿಯಲ್ಲಿ ಅರವತ್ತು ಮನೆಗಳಿಗೆ ನಾಲ್ಕೇ ಕಕ್ಕಸು, ಎರಡೇ ನಲ್ಲಿ. ಸೋಪಕ್ಕ ನಲ್ಲಿಯ ಪಕ್ಕ ನಿಂತು, ತಾಯಂದಿರ ಮಣಿಕಟ್ಟು ಹಿಡಿದು ಅಂಗೈ ಮೂಸುತ್ತಿದ್ದಳು. ಸೋಪಿನ ವಾಸನೆ ಬಂದರೆ ಸರಿ, ಬರದಿದ್ದರೆ, "ನನ್ನ ಮೂಗಿಗೇ ಮೋಸ ಮಾಡ್ತೀಯಾ? ಹೋಗು, ತೊಳಕೊಂಡು ಬಾ" ಎಂದು ವಾಪಸ್ಸು ಅಟ್ಟುತ್ತಿದ್ದಳು. ಬೈಸಿಕೊಂಡವರು ನಗುತ್ತಲೇ ತೊಳೆದುಕೊಳ್ಳುತ್ತಿದ್ದರು.

ಆ ಮಂಗಳವಾರ, ಒಂದು ತಿಂಗಳ ಸೇವೆಗೆಂದು ಬಂದಿದ್ದ ವೈದ್ಯರ ತಂಡದ ಕಿರಿಯ ನರ್ಸ್ ಒಂದು ಕಪ್ಪು ಪೆಟ್ಟಿಗೆ ತಂದಳು. ಕೈಗೆ ಒಂದು ಬಗೆಯ ಬಿಳಿ ಪುಡಿ ಹಚ್ಚಿಕೊಂಡು ಪೆಟ್ಟಿಗೆಯೊಳಗಿನ ನೀಲಿ ಬೆಳಕಿಗೆ ಹಿಡಿದರೆ ಅಂಗೈ ಜಗ್ಗನೆ ಹೊಳೆಯುತ್ತಿತ್ತು. ತೊಳೆದು ಮತ್ತೆ ಹಿಡಿದರೆ, ಸೋಪು ಮುಟ್ಟದ ಉಗುರಿನ ಸಂದಿಯಲ್ಲಿ ಪುಡಿ ಉಳಿದು ಅಲ್ಲಷ್ಟೇ ಹೊಳಪು. "ಹೊಳಪು ಇದ್ದಲ್ಲಿ ಕೊಳೆ ಇದೆ ಅಂತ ತಿಳ್ಕೊಳ್ಳಿ" ಎಂದಳು ನರ್ಸ್. ಹೆಂಗಸರು ಹೋ ಎಂದರು. ಹತ್ತು ಗಂಟೆಯೊಳಗೆ ಅವಳಿಗೆ 'ದೀಪದ ಸಿಸ್ಟರ್' ಎಂದು ಹೆಸರೂ ಬಿತ್ತು.

ನಲ್ಲಿಯ ಹತ್ತಿರ ನೊಣವೂ ಇರಲಿಲ್ಲ. ಪೆಟ್ಟಿಗೆಯ ಮುಂದಿನ ಸಾಲಿನಲ್ಲಿ ಸೋಪಕ್ಕನ ಸ್ವಂತ ಸೊಸೆಯೇ ನಿಂತಿದ್ದಳು.

"ಅತ್ತೆ, ನೀವೂ ಬನ್ನಿ, ಕೈ ಇಟ್ಟು ನೋಡಿ!"

"ನನ್ನ ಕೈ ನನಗೆ ಗೊತ್ತು."

"ಇನ್ನು ನಿಮ್ಮ ಮೂಗಿಗೆ ರಜೆ, ಸೋಪಕ್ಕಾ" ಎಂದು ಅವಳಿಜವಳಿ ಮಕ್ಕಳ ತಾಯಿ ಕಿಸಕ್ಕನೆ ನಕ್ಕಳು.

ಸೋಪಕ್ಕನೂ ನಕ್ಕಳು. ನಗುತ್ತಲೇ, ಯಾರೂ ಮುಟ್ಟದ ಸೋಪಿನ ತುಂಡುಗಳನ್ನು ವಾಪಸ್ಸು ಒಳಗಿಟ್ಟಳು. ಆ ನರ್ಸ್ ಹುಡುಗಿ ಜಂಬಗಾತಿಯಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಅವಳೋ ಊಟದ ಡಬ್ಬಿ ಹಿಡಿದು ಬಂದು ಪಕ್ಕದಲ್ಲೇ ಕೂತು, "ಅಕ್ಕಾ, ನಾನು ಹೊಸಬಳು. ಏನಾದ್ರೂ ತಪ್ಪು ಕಂಡ್ರೆ ಹೇಳ್ಬೇಕು" ಎಂದಳು.

ಅಷ್ಟರಲ್ಲಾಗಲೇ ಸೋಪಕ್ಕ ತಪ್ಪನ್ನು ಕಂಡಾಗಿತ್ತು.

ತಾನಿಲ್ಲದಾಗಲೂ ಜನ ನೋಡಿಕೊಳ್ಳಲಿ ಎಂದು ಸಿಸ್ಟರ್ ಪೆಟ್ಟಿಗೆಯನ್ನು ಜಗಲಿಯ ಬೆಂಚಿನ ಮೇಲೆ ಬಿಟ್ಟಿದ್ದಳು. ಪುಡಿಯ ಡಬ್ಬಿ ಮಾತ್ರ ಅವಳ ಚೀಲದಲ್ಲಿತ್ತು. ಹನ್ನೊಂದೂವರೆಗೆ ಅವಳಿಜವಳಿ ತಾಯಿ ಕಕ್ಕಸಿನಿಂದ ನೇರವಾಗಿ ಬಂದಳು, ಬರಿಗೈಯನ್ನು ಪೆಟ್ಟಿಗೆಯಲ್ಲಿಟ್ಟಳು. ಪುಡಿಯೇ ಇಲ್ಲದ ಮೇಲೆ ಹೊಳೆಯುವುದೇನು? "ಏನೂ ಇಲ್ಲ, ಶುದ್ಧ!" ಎಂದುಕೊಂಡು, ನಲ್ಲಿಯ ಕಡೆ ತಿರುಗಿಯೂ ನೋಡದೆ, ಅದೇ ಬೆರಳಿನಿಂದ ಅನ್ನ ಹಿಚುಕಿ ಮಗುವಿನ ಬಾಯಿಗಿಟ್ಟಳು. ಹಿಂದೆಯೇ ಇನ್ನಿಬ್ಬರು ಹಾಗೇ ಮಾಡಿದರು.

"ಹೇಳಿ ಅಕ್ಕಾ?" ಎಂದಳು ಸಿಸ್ಟರ್.

"ಏನಿದೆ ಹೇಳೋಕೆ? ಎಲ್ಲ ಚೆನ್ನಾಗಿದೆ" ಎಂದಳು ಸೋಪಕ್ಕ.

ತಾನಾಗಿಯೇ ಬಣ್ಣ ಬಯಲಾಗಲಿ, ಆಗ ಎಲ್ಲರೂ ನಲ್ಲಿಗೇ ಬರುತ್ತಾರೆ. ಇಷ್ಟೇ ಅವಳ ಮನಸ್ಸಿನಲ್ಲಿದ್ದುದು. ಮರುದಿನವೂ ನೋಡಿದಳು, ತುಟಿ ಪಿಟಕ್ಕೆನ್ನಲಿಲ್ಲ. ದಿನಕ್ಕೆ ನಲವತ್ತು ಸೋಪಿನ ತುಂಡು ಖರ್ಚಾಗುತ್ತಿದ್ದದ್ದು ಒಂಬತ್ತಕ್ಕೆ ಇಳಿಯಿತು. ಉಳಿದ ತುಂಡುಗಳನ್ನು ಎಣಿಸುವಾಗ ಅವಳಿಗೆ ಒಂದು ಬಗೆಯ ಖುಷಿಯೇ ಆಗುತ್ತಿತ್ತು. ಹೊಟ್ಟೆಕಿಚ್ಚಿಗೆ ಅಷ್ಟು ರುಚಿಯಿದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ಎಂಟೂ ಇಪ್ಪತ್ತಕ್ಕೆ ಅವಳಿಜವಳಿ ತಾಯಿ ಒಂದು ಮಗುವನ್ನು ಸೊಂಟದಲ್ಲಿ, ಇನ್ನೊಂದನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದಳು. ಹೆಗಲ ಮೇಲಿದ್ದದ್ದು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಇರುಳಿಡೀ ಭೇದಿ. ಕಣ್ಣು ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನೆರಿಗೆ ಹಾಗೆಯೇ ನಿಲ್ಲುತ್ತಿತ್ತು.

"ಸೋಪಕ್ಕಾ, ನೋಡಿ, ಅಳ್ತಾನೂ ಇಲ್ಲ ಇದು! ನಾನು ದಿನಾ ಪೆಟ್ಟಿಗೇಲಿ ಕೈ ನೋಡ್ಕೊಂಡೇ ತಿನ್ಸಿದ್ದು!"

ಸೋಪಕ್ಕ ಅವಳ ಮುಖ ನೋಡಲಾರದೆ ಮಗುವನ್ನು ಎತ್ತಿಕೊಂಡಳು. ಕ್ಲಿನಿಕ್ಕಿನ ಡಾಕ್ಟರು ಸೂಜಿ ಹಾಕಲು ನೋಡಿದರೆ ನರವೇ ಸಿಗಲಿಲ್ಲ. ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಇಳಿಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಹನಿಹನಿಯಾಗಿ ಬಿಟ್ಟರು. ಸಿಸ್ಟರ್ ಹನಿ ಎಣಿಸಿದಳು. ಸೋಪಕ್ಕ ಮಗುವಿನ ಪಾದ ಹಿಡಿದು ಕೂತಳು. ಪಾದ ತಣ್ಣಗಿತ್ತು. ಐದು ಗಂಟೆ ಇಪ್ಪತ್ತು ನಿಮಿಷ ಅವಳು ಏಳಲೇ ಇಲ್ಲ. ಒಂದೂ ನಲವತ್ತಕ್ಕೆ ಮಗು ಉಚ್ಚೆ ಹೊಯ್ದು ಅವಳ ಮಡಿಲು ನೆನೆಯಿತು. "ನೀರು ಮೈಗೆ ಹಿಡೀತು, ಗೆದ್ವಿ" ಎಂದರು ಡಾಕ್ಟರು.

ಎರಡು ಗಂಟೆಗೆ ಅವರು ಎಲ್ಲರನ್ನೂ ಜಗಲಿಗೆ ಕರೆದರು. ಸಿಸ್ಟರ್ ಅತ್ತು ಅತ್ತು ಮೂಗು ಕೆಂಪಾಗಿತ್ತು.

"ತಪ್ಪೆಲ್ಲ ನನ್ನದೇ ಸರ್. ಪುಡಿ ಇಲ್ದೆ ಕೈ ಇಡ್ತಾರೆ ಅಂತ ನನಗೆ ಹೊಳೀಲೇ ಇಲ್ಲ. ಯಾರಿಗೂ ಹೊಳೀಲಿಲ್ಲ."

"ಪೆಟ್ಟಿಗೆ ಒಳಗಿಡಮ್ಮ. ನಾಳೆಯಿಂದ ನೀನು ರೋಗಿಗಳ ಚೀಟಿ ಬರಿ. ಕೈ ತೊಳೆಸೋ ಕೆಲಸ ಮೊದಲಿನ ಹಾಗೆ ಸೋಪಕ್ಕನಿಗೇ" ಎಂದರು ಡಾಕ್ಟರು.

ಸೋಪಕ್ಕ ಬಯಸಿದ್ದು ಚೂರೂ ಹೆಚ್ಚುಕಡಿಮೆಯಿಲ್ಲದೆ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವಳಿಜವಳಿ ತಾಯಿ ಆಗಲೇ, "ನಿಮ್ಮ ಮೂಗೇ ವಾಸಿ, ಸೋಪಕ್ಕಾ" ಎಂದು ಕೈ ಚಾಚುತ್ತಿದ್ದಳು. ಸೋಪಕ್ಕ ಆ ಕೈಯನ್ನು ಮೂಸಲಿಲ್ಲ.

"ಚೀಟಿ ಬರೆಯೋಕೆ ಆ ಹುಡುಗೀನ ಕೂರಿಸ್ಬೇಡಿ, ಡಾಕ್ಟ್ರೇ. ಅವಳಿಗೆ ಹೊಳೆದಿಲ್ಲ, ನಿಜ. ನನಗೆ ಗೊತ್ತಿತ್ತು. ಕಣ್ಣಾರೆ ನೋಡಿದ್ದೆ. ಅವಳು ಕೇಳಿದ್ಲು ಕೂಡ, ನಾನು ಹೇಳ್ಲಿಲ್ಲ."

ಡಾಕ್ಟರು ಕನ್ನಡಕ ತೆಗೆದರು. "ಎಷ್ಟು ದಿನದಿಂದ ಗೊತ್ತಿತ್ತು?"

ಸೊಸೆ, ಸಿಸ್ಟರ್, ಮಗುವಿನ ತಾಯಿ, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆಮೇಲೆ ಆ ಲೆಕ್ಕವನ್ನು ಅವಳು ಯಾರೆದುರೂ ಎತ್ತಿದವಳಲ್ಲ. ಅವತ್ತು ಮಾತ್ರ, ಕಡೆಯ ಬೆಂಚಿನವರಿಗೂ ಕೇಳುವ ಹಾಗೆ ಹೇಳಿದಳು:

"ಆರು ದಿನ."