ಏನೂ ನಡೆಯದ ಬಡಾವಣೆಗೆ ಬಂದ ಬಸ್ಸು

ನಮ್ಮ ಮಾವ ಮೂವತ್ತೊಂದು ವರ್ಷ ಈ ಬಡಾವಣೆಯ ನೀರಿನ ಮೀಟರ್ ಓದಿದವರು. ಗೇಟಿನ ಪಕ್ಕದ ಗುಂಡಿಗೆ ಬಗ್ಗಿ, ಮುಚ್ಚಳ ಎತ್ತಿ, ಜಿರಳೆ ಓಡಿಸಿ, ಗಾಜು ಒರೆಸಿ ಅಂಕಿ ಬರೆದುಕೊಳ್ಳುವ ಕೆಲಸ. ಯಾರಾದರೂ "ಅಂದಾಜಿನ ಮೇಲೆ ಬರ್ಕೊಳ್ಳಿ" ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಕಣ್ಣಾರೆ ಕಾಣದ್ದನ್ನು ಅವರು ಒಂದು ದಿನವೂ ಬರೆದವರಲ್ಲ. ಹಾಗೆ ಬಗ್ಗಿ ಬಗ್ಗಿಯೇ ಮಂಡಿ ಎರಡೂ ಹೋದವು. ಸೊಸೆಯಾಗಿ ಹೇಳಬಾರದು, ಆದರೂ ಹೇಳುತ್ತೇನೆ, ಅಷ್ಟು ಹಟ ಒಳ್ಳೆಯದಲ್ಲ.

ಅವರಿಗೆ ಉಳಿದಿದ್ದ ಆಸೆ ಒಂದೇ, ಅಕ್ಕನನ್ನು ನೋಡುವುದು. ತಾಯಿ ಹೋದ ಮೇಲೆ ಅವರನ್ನು ಸಾಕಿದ ಅಕ್ಕ ಊರಿನ ಇನ್ನೊಂದು ತುದಿಯಲ್ಲಿ, ಬಾಡಿಗೆ ಕೋಣೆಯಲ್ಲಿದ್ದರು. ಅಕ್ಕನಿಗೆ ಕಿವಿ ಕೇಳಿಸದು, ಹಾಗಾಗಿ ಫೋನಿಲ್ಲ. ಬಸ್ಸು ಸಿಗುವ ದೊಡ್ಡ ರಸ್ತೆ ನಮ್ಮಲ್ಲಿಂದ ಮೂರು ಕಿಲೋಮೀಟರ್. ನನ್ನ ಗಂಡನ ಸ್ಕೂಟರಿನ ಹಿಂದೆ ಕಾಲು ಮಡಚಿ ಕೂರಲು ಮಾವನ ಮಂಡಿಯೂ ಒಪ್ಪುವುದಿಲ್ಲ, ಅಕ್ಕನ ವಯಸ್ಸೂ ಒಪ್ಪುವುದಿಲ್ಲ. ಬಾಡಿಗೆ ಗಾಡಿಯವರೋ, ಬಡಾವಣೆಯ ಹೆಸರು ಹೇಳಿದರೆ "ಅದೆಲ್ಲಿದೆ?" ಎಂದು ನಮ್ಮನ್ನೇ ಕೇಳಿ ಹೊರಟುಹೋಗುತ್ತಾರೆ. ಅಕ್ಕ-ತಮ್ಮ ಒಬ್ಬರ ಮುಖ ಒಬ್ಬರು ನೋಡಿ ಆರು ವರ್ಷವಾಗಿತ್ತು.

ಬಸ್ಸಿಗೆ ಅರ್ಜಿ ಹಾಕಿದೆವು. ಸಾರಿಗೆ ಕಚೇರಿಯಿಂದ ಬಂದ ಫಾರಂನಲ್ಲಿ ಒಂದೇ ಪ್ರಶ್ನೆ: ಸ್ಥಳದ ಇತಿಹಾಸ ಮತ್ತು ಆಕರ್ಷಣೆಗಳೇನು? ಅವೆರಡೂ ಇಲ್ಲದ ಜಾಗಕ್ಕೆ ಬಸ್ಸಿಲ್ಲವಂತೆ.

ಬಡಾವಣೆ ಸಂಘದ ಕಾರ್ಯದರ್ಶಿ ಓಡಿಬಂದರು. "ಎಲ್ಲಾ ಮನೆ ಗೇಟು ದಾಟಿರೋರು ನೀವೊಬ್ರೇ, ನೀವೇ ಬರ್ಕೊಡಿ. ಯಾವನೋ ರಾಜನ ಕುದುರೆ ಇಲ್ಲಿ ನೀರು ಕುಡೀತು ಅಂತ ಹಾಕಿ, ಸಾಕು."

"ಕುಡಿದಿದ್ರೆ ಮೀಟರಲ್ಲಿ ತೋರಿಸ್ಬೇಕಿತ್ತು," ಎಂದರು ಮಾವ.

ಕಾರ್ಯದರ್ಶಿ ತಲೆ ಚಚ್ಚಿಕೊಂಡು ಹೋದರು. ಮಾವ ಒಂದು ವಾರ ಕೂತು, ತಮಗೆ ಗೊತ್ತಿದ್ದ ರೀತಿಯಲ್ಲೇ ಇತಿಹಾಸ ಬರೆದರು: ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ವ್ಯತ್ಯಾಸ. ಮೊದಲ ವರ್ಷ, ಹಿಂದೆ ಬಯಲು, ಈಗ ಮನೆಗಳು. ಎರಡನೆಯ ವರ್ಷ, ಹಿಂದೆ ಮನೆಗಳು, ಈಗಲೂ ಮನೆಗಳು, ವ್ಯತ್ಯಾಸ ಇಲ್ಲ. ಹೀಗೇ ಕೊನೆಯವರೆಗೆ. ಹದಿನೇಳನೆಯ ವರ್ಷ ಮಾತ್ರ ಮೂಲೆ ಮನೆಯ ಹಸಿರು ಗೇಟು ನೀಲಿಯಾಗಿತ್ತು. ಆಕರ್ಷಣೆಗಳು: ಕಂಡುಬಂದಿಲ್ಲ.

ನನಗೆ ಅಳುವೇ ಬಂತು. ಒಂದು ಕುದುರೆ ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಹದಿನೈದು ದಿನಕ್ಕೆ ಸಾರಿಗೆ ಅಧಿಕಾರಿಯೇ ಬಂದಿಳಿದರು, ಕಣ್ಣು ತುಂಬಿಕೊಂಡು. "ಈ ಊರಲ್ಲಿ ಯಾವ ಓಣಿಗೆ ಹೋದ್ರೂ ಒಂದು ಯುದ್ಧ ನಡೆದಿದೆ, ಒಬ್ಬ ರಾಜ ಮಲಗಿ ಎದ್ದಿದ್ದಾನೆ. ಏನೂ ನಡೀದೇ ಇರೋ ಜಾಗ ಇದೊಂದೇ ಸ್ವಾಮಿ!" ಬಸ್ಸು ಮಂಜೂರಾಯಿತು. 'ಇಲ್ಲಿ ಏನೂ ನಡೆದಿಲ್ಲ' ಎಂದು ಬೋರ್ಡೂ ನೆಟ್ಟರು.

ಮೊದಲ ದಿನ ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ನನ್ನ ಹೆಗಲು ಹಿಡಿದು ಬಸ್ಸಿನ ಬಳಿ ಹೋದರು. ಏನೂ ನಡೆಯದ ಜಾಗ ನೋಡಲು ಬಂದ ಪ್ರವಾಸಿಗರು ಇಳಿಯುತ್ತಲೇ ಇದ್ದರು. ಅವರನ್ನು ಕರೆತಂದಿದ್ದ ಗೈಡು ಬಾಗಿಲಿಗೆ ಕೈ ಅಡ್ಡ ಹಿಡಿದ.

"ಇಲ್ಲಿನೋರು ಹತ್ತೋ ಹಾಗಿಲ್ಲ. ನೀವೆಲ್ಲ ಹೊರಟುಬಿಟ್ರೆ ಬಂದೋರು ಏನು ನೋಡ್ಬೇಕು? ಅದರಲ್ಲೂ ನೀವು ನಾಲ್ಕನೇ ನಂಬರು ತಾತ." ಅವನ ಕೈಯಲ್ಲಿದ್ದ ಕರಪತ್ರದಲ್ಲಿ, ನೋಡಬೇಕಾದವುಗಳ ಪಟ್ಟಿಯಲ್ಲಿ ನಾಲ್ಕನೆಯದಾಗಿ ಮಾವನ ಫೋಟೊ ಇತ್ತು. ಕೆಳಗೆ, 'ಜಗುಲಿಯಲ್ಲಿ ಸುಮ್ಮನೆ ಕೂರುವ ಹಿರಿಯರು'.

ಮಾವ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವರು ಅತ್ತದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಆ ಗೈಡಿನ ಕತ್ತು ಹಿಸುಕಬೇಕೆನಿಸಿತು ನನಗೆ. ಮರುದಿನದಿಂದ ಜನ ನಮ್ಮ ಗೇಟಿನ ಮುಂದೆ ನಿಂತು, "ಎಷ್ಟು ಚೆನ್ನಾಗಿ ಏನೂ ಮಾಡ್ತಿಲ್ಲ ನೋಡು" ಎಂದು ಮಕ್ಕಳಿಗೆ ತೋರಿಸತೊಡಗಿದರು.

ಮೂರು ತಿಂಗಳು ಹೀಗೇ ಹೋಯಿತು. ಒಂದು ಬೆಳಿಗ್ಗೆ, ಗುಂಪಿನಲ್ಲಿದ್ದ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು ನಮ್ಮ ಗೇಟು ತಳ್ಳಿದರು. "ಅಮ್ಮಾ, ಮುಟ್ಟಬೇಡಿ!" ಎಂದು ಗೈಡು ಕೂಗಿದ. ಅವರಿಗೆ ಕೇಳಿಸಲಿಲ್ಲ. ಕೈಯಲ್ಲಿ ಕರಪತ್ರ ಮುದ್ದೆಯಾಗಿತ್ತು. ಜಗುಲಿ ಹತ್ತಿ ಮಾವನ ಗಲ್ಲ ಹಿಡಿದರು.

"ಫೋಟೊದಲ್ಲೂ ಮುಖ ಊದಿಸ್ಕೊಂಡು ಕೂತಿದ್ದೀಯಲ್ಲೋ, ಪುಟ್ಟಾ!"

ಎಪ್ಪತ್ತು ವರ್ಷದ ಪುಟ್ಟ ಅಕ್ಕನ ಹೆಗಲಿಗೆ ಮುಖವಿಟ್ಟು ಹೋ ಎಂದು ಅತ್ತುಬಿಟ್ಟರು. ನಾನೂ ಅತ್ತೆ. ಬಂದವರೆಲ್ಲ ಚಪ್ಪಾಳೆ ತಟ್ಟಿದರು.

ಗೈಡು ಬಿಳಿಚಿಕೊಂಡ. "ನಡೆದುಬಿಡ್ತಲ್ರೀ! ಇಲ್ಲಿ ಏನೋ ನಡೆದುಬಿಡ್ತಲ್ರೀ!" ಅವನು ಬೋರ್ಡು ಕಿತ್ತ. ಜನರನ್ನು ತುಂಬಿಕೊಂಡು ಹೋದ ಬಸ್ಸು ಮತ್ತೆ ಬರಲಿಲ್ಲ. ಅಕ್ಕ ಅದನ್ನು ಹತ್ತಿರಲಿಲ್ಲ.

ಮರುದಿನ ಕಾರ್ಯದರ್ಶಿ ಏದುಸಿರು ಬಿಡುತ್ತಾ ಬಂದು ಪೇಚಾಡಿದರು. "ಬಸ್ಸೇ ಇಲ್ಲ ಅಂದ್ರೆ ನಿಮ್ಮಕ್ಕ ವಾಪಸ್ ಹೋಗೋದು ಹೇಗೆ? ಇನ್ನೊಂದು ಅರ್ಜಿ ಹಾಕೋಣ್ವಾ?"

"ನೀವು ಸುಮ್ನೆ ಮನೆಗೆ ಹೋಗ್ರೀ," ಎಂದು ಮಾವ ಬಾಗಿಲು ಹಾಕಿಕೊಂಡರು. ಒಳಗೆ ಅಕ್ಕ, ಮೂಲೆಯಲ್ಲಿ ನಾನು ಹಾಸಿದ್ದ ಹಾಸಿಗೆಯನ್ನು ತಮ್ಮನ ಮಂಚದ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು.