ಕೆನೆಬಣ್ಣದ ಬಟ್ಟೆಚೂರು

ತಂಗಿಯ ಮದುವೆಯ ಉಸ್ತುವಾರಿಯನ್ನು ಗುತ್ತಿಗೆ ಹಿಡಿದಾಕೆಯನ್ನು ನಾನು ಮೊದಲ ದಿನದಿಂದಲೂ ನಂಬಲಿಲ್ಲ. ಸರಸ್ವತಿ ನಗರದ ನಮ್ಮ ಮನೆಗೆ ಬಂದವಳು ಚಹಾ ಮುಟ್ಟುವ ಮೊದಲೇ ಮದುವೆಯ ಅಲಂಕಾರಕ್ಕೆಂದು ತಾನು ಆರಿಸಿದ ಕೆನೆಬಣ್ಣದ ಬಟ್ಟೆಚೂರೊಂದನ್ನು ಚೀಲದಿಂದ ತೆಗೆದು ಪರದೆ, ಹಿತ್ತಾಳೆ ದೀಪ, ಅಮ್ಮನ ಸೀರೆಯ ಅಂಚು ಎಲ್ಲಕ್ಕೂ ಹಿಡಿದು ನೋಡಿದಳು. ಹೊಂದದಿದ್ದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಚೂರನ್ನು ಮಡಚುತ್ತಿದ್ದಳು. ಏನು ಕೇಳಿದರೂ ಒಂದೇ ಮಾತು: “ನೀವು ಆರಾಮ ಕೂಡ್ರಿ, ಎಲ್ಲಾ ನಂಗೆ ಬಿಡ್ರಿ.” ಇಷ್ಟು ಆರಾಮ ಕೊಡುವವರು ಬದಲಿಗೆ ಏನನ್ನೋ ಕಸಿದುಕೊಳ್ಳುತ್ತಾರೆ ಎಂಬುದು ನನ್ನ ಗುಮಾನಿ.

ನಂದಿಗುಡಿಯಿಂದ ಅಜ್ಜಿ ತಂದ ಕರಿಕಂಬಳಿಯ ಮುಂದೆಯೂ ಆಕೆ ಚೂರನ್ನು ಮಡಚಿದಳು. ನಮ್ಮ ಮನೆತನದಲ್ಲಿ ಕಂಬಳಿಯ ಮೇಲೆ ಕೂರದೆ ಯಾರಿಗೂ ತಾಳಿ ಬಿದ್ದಿಲ್ಲ.

ಹರಿಹರದ ಛತ್ರದಲ್ಲಿ ಮುಹೂರ್ತದ ಹೊತ್ತಿಗೆ ನೋಡಿದರೆ ವೇದಿಕೆಯ ಮೇಲೆ ಬರೀ ಕೆನೆಬಣ್ಣದ ಹಾಸು. ಅಜ್ಜಿ ಅಕ್ಷತೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮುಖ ತಿರುಗಿಸಿದ್ದಳು.

“ಕಂಬಳಿ ಎಲ್ಲೈತ್ರಿ?” ಎಂದೆ.

“ನೀವು ಆರಾಮ ಕೂಡ್ರಿ.”

ನಾನು ಕೂರಲಿಲ್ಲ. ನೆಟ್ಟಗೆ ವೇದಿಕೆ ಹತ್ತಿ ಹಾಸಿನ ತುದಿ ಎತ್ತಿದೆ. ಕೆಳಗೆ ಕಂಬಳಿ ಇತ್ತು, ಒಂದು ಸುಕ್ಕೂ ಇಲ್ಲದಂತೆ ಹಾಸಿತ್ತು. ಅಜ್ಜಿಗೆ ಕಾಣುವಂತೆ ತುದಿಯನ್ನು ಎತ್ತಿ ಹಿಡಿದೆ. ಅವಳ ಮುಷ್ಟಿ ಬಿಚ್ಚಿತು.

“ಮೊದ್ಲೇ ಹೇಳಬಾರದಿತ್ತೇನ್ರಿ?” ಎಂದು ಆಮೇಲೆ ಆಕೆಯನ್ನು ಕೇಳಿದೆ.

“ವೇದಿಕಿ ಹಲಗಿ ಮೊಳೆ ಎದ್ದಿದ್ವು. ಚುಚ್ಚಬಾರದಂತ ದಪ್ಪಂದು ಏನಾರ ಬೇಕಿತ್ತು, ಅಷ್ಟೇರಿ,” ಎಂದು ಚೂರನ್ನು ಮಡಚಿದಳು.

ಜನ ಊಟಕ್ಕೆ ಹೋದ ಮೇಲೆ ನಾನು ಹಾಸು, ಕಂಬಳಿ ಎರಡನ್ನೂ ಸರಿಸಿ ಹಲಗೆಯನ್ನೆಲ್ಲ ಅಂಗೈಯಿಂದ ಸವರಿ ನೋಡಿದೆ. ಒಂದು ಮೊಳೆಯೂ ಎದ್ದಿರಲಿಲ್ಲ.